ಕಾಫಿ ಉಕ್ಕುವವರೆಗಿನ ಕವಚ

ಪ್ಲೋವ್‌ದಿವ್
ಫೆಬ್ರವರಿ 24, 1998

ಪ್ರಿಯ ಸ್ಟೊಯಿಲ್,

ಇದನ್ನು ನಿನ್ನ ಜೊತೆ ಕಾದಂಬರಿ ಬರೆಯುವವಳ ಪತ್ರ ಎಂದುಕೊಂಡು ಓದು. ಹೆಂಡತಿಯ ಪತ್ರ ಎಂದುಕೊಂಡರೆ ಮೊದಲ ಸಾಲಿಗೇ ಮುಖ ಗಂಟಿಕ್ಕಿ ಮಡಚಿಡುತ್ತೀಯ. ಲಕೋಟೆಯೊಳಗೆ ವಸಂತದ ಶುಭಕ್ಕೆ ಕಟ್ಟುವ ಕೆಂಪು-ಬಿಳಿ ದಾರವಿದೆ. ಮಾರ್ಚ್ ಒಂದಕ್ಕೆ ಯಾರಿಗಾದರೂ ಕಳಿಸಲೇಬೇಕಲ್ಲ, ನಿನ್ನ ವಿಳಾಸ ಕೈಯಲ್ಲಿತ್ತು, ಕಳಿಸಿದೆ. ಮುಂಗೈಗೆ ಕಟ್ಟಿಕೊ, ಕೊಕ್ಕರೆ ಕಣ್ಣಿಗೆ ಬಿದ್ದ ಮೇಲೆ ಬಿಚ್ಚು. ನಮ್ಮ ಕಾದಂಬರಿಯ ‘ಕೊಕ್ಕರೆ’ ಬಾಹ್ಯಾಕಾಶ ನೌಕೆ ಲೆಕ್ಕಕ್ಕಿಲ್ಲ. ರೆಕ್ಕೆ, ಕೊಕ್ಕು ಎರಡೂ ಇರುವ ಕೊಕ್ಕರೆಯೇ ಆಗಬೇಕು.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನೆ ನಮ್ಮ ಪ್ರಕಾಶಕ ಹಾಜಿಯೆವ್ ಮನೆಗೆ ಬಂದಿದ್ದರು. ಏಳನೆಯ ಪುಸ್ತಕದ ಹಸ್ತಪ್ರತಿ ಕಂಕುಳಲ್ಲಿತ್ತು. ಕೋಟು ಕೂಡ ಬಿಚ್ಚದೆ ಶುರು ಮಾಡಿದರು. “ರುಮ್ಯಾನಾ ಮೇಡಂ, ನಿಮ್ಮಿಬ್ರದ್ದು ಆರು ಪುಸ್ತಕ ಅಚ್ಚು ಹಾಕ್ಸಿದೀನಿ, ಇಂಥಾದ್ದು ಕಂಡಿಲ್ಲ. ಹತ್ತನೇ ಅಧ್ಯಾಯದಲ್ಲಿ ಯಾವೊರ್ ಸತ್ತ. ನಾನೂ ಅತ್ತೆ, ನನ್ನ ಹೆಂಡ್ತೀನೂ ಅತ್ಲು. ಹನ್ನೊಂದಕ್ಕೆ ಬಂದ್ರೆ ಅದೇ ಯಾವೊರ್ ಕೂತ್ಕೊಂಡು ಬೀನ್ಸ್ ಸೂಪ್ ಕುಡೀತಿದಾನೆ. ಅದೂ ಎರಡನೇ ಸಲ ಹಾಕಿಸ್ಕೊಂಡು” ಎಂದರು.

ನೀನು ಈಗ ನಗುತ್ತಿದ್ದೀಯ, ನನಗೆ ಗೊತ್ತು. ನಾನೂ ನಕ್ಕೆ. ಆದರೆ ಅವರ ಮುಂದಿನ ಮಾತಿಗೆ ನಗು ನಿಂತಿತು. “ಮಾರ್ಚ್ ಮಧ್ಯಕ್ಕೆ ಪ್ರೆಸ್‌ಗೆ ಕೊಡ್ಲೇಬೇಕು. ಗಂಡ ಹೆಂಡ್ತಿ ಮಾತಾಡ್ಕೊಂಡು ಒಂದು ಮಾಡ್ಕೊಟ್ರೆ ಸರಿ. ಇಲ್ದಿದ್ರೆ ನಾನೇ ಕತ್ತರಿ ಹಿಡೀತೀನಿ. ಸತ್ತಿರೋದನ್ನೇ ಇಟ್ಕೋತೀನಿ, ಅತ್ತೋರು ಇನ್ನೊಬ್ರಿಗೆ ಹೇಳ್ತಾರೆ, ಪುಸ್ತಕ ಖರ್ಚಾಗುತ್ತೆ” ಎಂದು ಹೇಳಿ ಹೊರಟರು. ಎರಡನೆಯ ಪುಸ್ತಕದಲ್ಲಿ ಅನಾಥ ಮಗುವಾಗಿ ಬಂದ ನಮ್ಮ ಯಾವೊರ್ ಸಾಯುವುದೂ ಬದುಕುವುದೂ ಈಗ ನಾವಿಬ್ಬರೂ ಮಾತನಾಡುವುದರ ಮೇಲೆ ನಿಂತಿದೆ. ನಮ್ಮ ಈಚಿನ ಮಾತುಕತೆಯನ್ನು ಬಲ್ಲವರು ಯಾರೂ ಅವನ ಪ್ರಾಣಕ್ಕೆ ಜಾಮೀನು ನಿಲ್ಲಲಾರರು.

ಒಂದೇ ಯುದ್ಧವನ್ನು ಹತ್ತರಲ್ಲಿ ನೌಕೆಯ ಒಳಗಿನಿಂದ ನಾನು ಬರೆದೆ, ಹನ್ನೊಂದರಲ್ಲಿ ಯಾವೊರ್‌ನ ಪುಟ್ಟ ದೋಣಿಯಿಂದ ನೀನು ಬರೆದೆ. ನಿಯಮ ಇಬ್ಬರಿಗೂ ಒಂದೇ. ಶಕ್ತಿಕವಚ ಎದ್ದು ನಿಂತಿರುವಾಗ ಗುಂಡೂ ಒಳಗೆ ಬರುವುದಿಲ್ಲ, ಮಾತೂ ಬರುವುದಿಲ್ಲ, ಸಾಕಿದ ಮಗನ ದೋಣಿಯೂ ಬರುವುದಿಲ್ಲ. ಕಾಫಿ ಉಕ್ಕುವವರೆಗೆ ನಿಲ್ಲುತ್ತದೆ, ಆಮೇಲೆ ಒಂದು ಉಸಿರಿನಷ್ಟು ಹೊತ್ತು ಬೀಳುತ್ತದೆ, ಮತ್ತೆ ಏಳುತ್ತದೆ. ನೆನಪಿದೆಯಾ, ಮೊದಲ ಪುಸ್ತಕದ ಹೊತ್ತಿಗೆ ಅಡುಗೆಮನೆಯ ಗಡಿಯಾರ ಕೆಟ್ಟಿತ್ತು. ಕಾಫಿ ಕಾಯಿಸುವ ತಾಮ್ರದ ಜೆಜ್ವೆಯನ್ನು ಒಲೆಯ ಮೇಲಿಟ್ಟು ನೀನು ಕಾಯುತ್ತಿದ್ದೆ, ನಾನು ಯುದ್ಧವನ್ನು ಜೋರಾಗಿ ಓದುತ್ತಿದ್ದೆ. ನೊರೆ ಏರುವ ಮೊದಲು ಓದಿದ್ದೆಲ್ಲ ಕವಚದ ಕೆಳಗೆ ನಡೆದದ್ದು. ನೊರೆ ಬಂತೆಂದರೆ ಕವಚ ಬಿತ್ತು. ಯಾರು ಉಳಿಯಬೇಕು ಎಂದು ನಾವು ಮೊದಲೇ ತೀರ್ಮಾನಿಸುತ್ತಿರಲಿಲ್ಲ, ಅದನ್ನು ಕಾಫಿಗೆ ಬಿಟ್ಟಿದ್ದೆವು.

ನಮ್ಮ ಓದುಗರು ನೌಕೆ ಬೆಳಕಿಗಿಂತ ಮುಂದೆ ಓಡಿದರೆ ಕಮಕ್ ಕಿಮಕ್ ಎನ್ನದೆ ನುಂಗುತ್ತಾರೆ. ಕವಚ ಒಂದು ದಿನ ಹಾಗೆ, ಇನ್ನೊಂದು ದಿನ ಹೀಗೆ ಎಂದರೆ ಮಾತ್ರ ಬಿಡುವುದಿಲ್ಲ. ಅದು ತರಲೆಯಲ್ಲ ಎಂದು ಈಗೀಗ ನನಗೆ ಅನ್ನಿಸುತ್ತಿದೆ. ಬರೆಯುವವರಿಗೆ ಬೇಕಾದಾಗ ತೂತು, ಬೇಡವಾದಾಗ ಕಬ್ಬಿಣ ಎಂದಾದರೆ ಹಡಗಿನಲ್ಲಿ ಕೂತವರಿಗಾಗಿ ಯಾರು ತಾನೆ ಹೆದರುತ್ತಾರೆ? ಹೆದರದವರು ಪ್ರೀತಿಸುವುದೂ ಇಲ್ಲ. ನಿಯಮವೆಂದರೆ ಓದುಗರಿಗೆ ನಾವು ಕೊಟ್ಟ ಮಾತು.

ಇದನ್ನೇ ಅಕ್ಟೋಬರ್‌ನಲ್ಲಿ ಓದುಗರ ಸಭೆಯಲ್ಲಿ ಹೇಳಬಹುದಿತ್ತು. ಹಸಿರು ಟೋಪಿಯ ಆ ಹುಡುಗಿ ಎದ್ದು, ಮೂರನೆಯ ಪುಸ್ತಕದಲ್ಲಿ ಕವಚ ನಿಂತಿರುವಾಗ ಹೊರಗಿನವರ ದನಿ ಕ್ಯಾಪ್ಟನ್‌ಗೆ ಹೇಗೆ ಕೇಳಿಸಿತು ಎಂದು ಕೇಳಿದಳು. ನೀನು “ನಮ್ಮ ಕ್ಯಾಪ್ಟನ್ ಕಿವಿ ಬಹಳ ಚುರುಕು ಕಣಮ್ಮ” ಎಂದೆ. ಸಭೆ ನಕ್ಕಿತು. ನಾನು ಮೈಕು ಎಳೆದುಕೊಂಡು “ಕಿವಿ ಚುರುಕಲ್ಲ, ಬರೆದ ಮಹಾನುಭಾವರು ತೂಕಡಿಸ್ತಿದ್ರು” ಎಂದೆ. ಸಭೆ ಇನ್ನೂ ಜೋರಾಗಿ ನಕ್ಕಿತು. ನೀನು ಒಂದು ವಾರಕ್ಕೆಂದು ವಾರ್ನಾದ ತಂಗಿ ಗಿನ್ಕಾಳ ಮನೆಗೆ ಹೊರಟೆ. ಚೀಲದಲ್ಲಿ ಎರಡು ಅಂಗಿ, ಟೈಪ್‌ರೈಟರ್, ಜೊತೆಗೆ ನಮ್ಮ ಜೆಜ್ವೆ. ಆ ವಾರ ಇನ್ನೂ ಮುಗಿದಿಲ್ಲ. ಅವತ್ತು ನಾನಾಡಿದ ಮಾತು ಸುಳ್ಳಲ್ಲ, ಆಡಿದ ಜಾಗ ಸರಿಯಿರಲಿಲ್ಲ. ಇದಕ್ಕಿಂತ ಹೆಚ್ಚಿನದನ್ನು ಕಾಗದದ ಮೇಲೆ ನಿರೀಕ್ಷಿಸಬೇಡ.

ಹಾಜಿಯೆವ್ ಹೋದ ಮೇಲೆ ಎರಡೂ ಅಧ್ಯಾಯಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತೆ. ನಿನ್ನ ತಪ್ಪು ಹಿಡಿಯುವ ಉತ್ಸಾಹದಲ್ಲೇ ಕೂತೆ, ಸುಳ್ಳು ಯಾಕೆ ಹೇಳಲಿ. ನಿನ್ನ ಕವಚ ನಿಂತೇ ಇರುತ್ತದೆ, ಯಾವೊರ್ ಹತ್ತಿರ ಬರುವವರೆಗೂ ನಿಂತಿರುತ್ತದೆ, ಅವನು ಬಾಗಿಲ ಬಳಿ ಬಂದಾಗ ಬೀಳುತ್ತದೆ, ಹುಡುಗ ಒಳಗೆ ಬರುತ್ತಾನೆ. ನನ್ನ ಕವಚ ಅವನು ಇನ್ನೂ ದೂರದಲ್ಲಿರುವಾಗಲೇ ಬಿದ್ದು ಮತ್ತೆ ಏಳುತ್ತದೆ. ಅವನು ನಮ್ಮದೇ ಕವಚಕ್ಕೆ ಬಡಿದು ಹೋಗುತ್ತಾನೆ. ಬರೆಯುವಾಗ ನಾನು ಮೋಸ ಮಾಡಿರಲಿಲ್ಲ ಸ್ಟೊಯಿಲ್. ನೊರೆ ಏರಿತು, ಹುಡುಗ ಇನ್ನೂ ಅರ್ಧ ದಾರಿಯಲ್ಲಿದ್ದ. ಒಲೆ ಆರಿಸಿ, ಅಲ್ಲೇ ನಿಂತು ಅತ್ತೆ. ಆಮೇಲೆ ಕೂತು ಅವನನ್ನು ಸಾಯಿಸಿದೆ.

ಹಾಗಾದರೆ ಮೋಸ ನಿನ್ನದು ಎಂದುಕೊಂಡೆ. ಮೊದಲು ಗಿನ್ಕಾಳ ಮನೆಯ ಒಲೆಯ ಉರಿ ಮಂದವಿರಬಹುದೆಂದು ಅನುಮಾನ ಬಂತು. ಅವಳಿಗೆ ಫೋನ್ ಮಾಡಿ, ಹವಾಮಾನ ಕೇಳಿ, ಮೊಣಕಾಲು ನೋವು ಕೇಳಿ, ಮೆಲ್ಲಗೆ ಒಲೆ ಕೇಳಿದೆ. ಒಲೆ ಹೊಸದು, ಭರ್ಜರಿ ಉರಿ ಎಂದಳು. ಆಗ ನನಗೆ ಹೊಳೆಯಿತು. ನಮ್ಮ ಜೆಜ್ವೆ ಎರಡು ಕಪ್ಪಿನದು. ಒಬ್ಬನೇ ಇರುವವನು ಅರ್ಧ ತುಂಬಿಸಿದ್ದರೆ ನಿನ್ನ ಕವಚವೂ ನನ್ನಷ್ಟೇ ಬೇಗ ಬೀಳಬೇಕಿತ್ತು. ಬಿದ್ದಿಲ್ಲ. ಅಂದರೆ ನೀನು ಇಬ್ಬರಿಗೆ ಕಾಫಿ ಮಾಡುತ್ತಿದ್ದೀಯ. ಗಿನ್ಕಾ ರಕ್ತದೊತ್ತಡಕ್ಕೆ ಹೆದರಿ ಕಾಫಿ ಮುಟ್ಟುವುದಿಲ್ಲ. ಮತ್ತೆ ಯಾರು?

ಆ ಕ್ಷಣ ನನಗೇನಾಯಿತು ಎಂದು ಬರೆಯುವುದಿಲ್ಲ. ಬೆಳಗಿನ ಹೊತ್ತು ಮನೆಗೆ ನೆಂಟರು ಯಾರಾದರೂ ಬರುತ್ತಾರಾ ಎಂದು ಕೇಳಿದೆ. ನಿನ್ನ ತಂಗಿ ದಡ್ಡಿಯಲ್ಲ. “ಯಾರೂ ಬರಲ್ಲ ಅತ್ತಿಗೆ. ಅಣ್ಣ ದಿನಾ ಎರಡು ಕಪ್ ಹುಯ್ತಾನೆ. ಒಂದು ಕುಡೀತಾನೆ, ಇನ್ನೊಂದನ್ನ ಎದುರಿಗೆ ಇಟ್ಕೊಂಡು ಓದ್ತಾ ಕೂರ್ತಾನೆ, ಯಾರೋ ಕೇಳಿಸ್ಕೊಳ್ತಿರೋ ಹಾಗೆ. ತಣ್ಣಗಾದ ಮೇಲೆ ನಾನು ಹೂಕುಂಡಕ್ಕೆ ಹಾಕ್ತೀನಿ. ಹಾಕೀ ಹಾಕೀ ನನ್ನ ಜಿರೇನಿಯಂ ಸತ್ತೇ ಹೋಯ್ತು. ನೀವಿಬ್ರೂ ಸೇರ್ಕೊಂಡು ಇನ್ನೇನೇನ್ ಸಾಯಿಸ್ಬೇಕು ಅಂತಿದೀರ?” ಎಂದಳು.

ಫೋನ್ ಇಟ್ಟು ನನ್ನ ಅಡುಗೆಮನೆ ನೋಡಿದೆ. ಒಲೆಯ ಮೇಲೆ ನೀನು ಹೋದ ಮೇಲೆ ನಾನು ಕೊಂಡ ಪುಟ್ಟ ಜೆಜ್ವೆ ಇತ್ತು. ಒಂದೇ ಕಪ್ಪಿನದು. ಮುಷ್ಟಿಯೊಳಗೆ ಅಡಗುವಂಥದು, ಇಟ್ಟ ತಕ್ಷಣ ಉಕ್ಕುತ್ತದೆ. ಆರು ಪುಸ್ತಕಗಳ ಕವಚ ಎರಡು ಕಪ್ಪಿನದು. ಏಳನೆಯದರಲ್ಲಿ ಅದನ್ನು ಅರ್ಧಕ್ಕಿಳಿಸಿದವಳು ನಾನು. ನಿಯಮ, ನಿಯಮ ಎಂದು ಮನೆ ತುಂಬ ಸಾರಿದ ನಾನೇ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದ ಎಲೆಯ ನೊಣ ಎಣಿಸಿದ ಹಾಗಾಯಿತು. ನೀನು ಅಲ್ಲಿ ಒಬ್ಬನೇ ಕೂತು, ನಿಯಮ ಮುರಿಯದೆ ಹುಡುಗನನ್ನು ಉಳಿಸಿಕೊಂಡೆ. ನಾನು ಇಲ್ಲಿ ಒಬ್ಬಳೇ ಇರುವುದನ್ನು ಕಲಿತುಕೊಂಡೆ, ಅದರ ಬೆಲೆಯನ್ನು ಅವನು ತೆತ್ತ.

ಆದ್ದರಿಂದ ಹತ್ತನೆಯ ಅಧ್ಯಾಯವನ್ನು ನಾನು ಹೊಸದಾಗಿ ಬರೆಯುತ್ತೇನೆ. ಯಾವೊರ್ ಒಳಗೆ ಬರುತ್ತಾನೆ, ನಿನ್ನ ಸೂಪ್ ಕುಡಿಯುತ್ತಾನೆ, ಬೇಕಿದ್ದರೆ ಮೂರನೆಯ ಸಲವೂ ಹಾಕಿಸಿಕೊಳ್ಳಲಿ. ಆದರೆ ಅಂದಾಜಿನ ಮೇಲೆ ಬರೆಯಲಾರೆ. ಹಳೆಯ ಅಳತೆಯಲ್ಲಿ ಓದಿ ನೋಡಲೇಬೇಕು. ಹಾಗಾಗಿ ಬರುವ ಭಾನುವಾರದೊಳಗೆ ಆ ತಾಮ್ರದ ಜೆಜ್ವೆ ಇಲ್ಲಿಗೆ ತಲುಪಬೇಕು. ಅಂಚೆಯಲ್ಲಿ ಹಾಕಬೇಡ, ಹಿಡಿ ಸಡಿಲವಾಗಿದೆ, ಮುರಿಯುತ್ತದೆ. ಯಾರಾದರೂ ಕೈಯಲ್ಲಿ ಹಿಡಿದುಕೊಂಡು ರೈಲಿನಲ್ಲಿ ತರುವುದು ಮೇಲು. ತಂದವರು ಒಲೆಯ ಪಕ್ಕ ನಿಂತು ನೊರೆ ನೋಡಿದರೆ ನಾನು ಓದಲು ಅನುಕೂಲ. ಇದಿಷ್ಟೂ ಪುಸ್ತಕದ ಸಲುವಾಗಿ.

ಹಸಿರು ಟೋಪಿಯ ಹುಡುಗಿಗೂ ಉತ್ತರ ಹುಡುಕಿದ್ದೇನೆ. ಕ್ಯಾಪ್ಟನ್‌ಗೆ ದನಿ ಕೇಳಿಸಿತು ಎಂದರೆ ಕವಚ ಆಗ ನಿಂತಿರಲಿಲ್ಲ. ಒಳಗಿದ್ದವರು ಯಾರೋ ಅದನ್ನು ಬೇಕೆಂದೇ ಒಂದು ಕ್ಷಣ ಇಳಿಸಿದ್ದರು, ಯಾರಿಗೂ ಹೇಳದೆ, ಹೊರಗಿನವರ ದನಿ ಕೇಳಬೇಕೆಂದು. ಇದನ್ನು ಏಳನೆಯ ಪುಸ್ತಕದಲ್ಲಿ ಸೇರಿಸಿದರೆ ಮೂರನೆಯದು ತಪ್ಪಾಗುವುದಿಲ್ಲ. ನೀನು ತೂಕಡಿಸಿರಲಿಲ್ಲ ಎಂದು ಮುಂದಿನ ಸಭೆಯಲ್ಲಿ ನಾನೇ ಹೇಳುತ್ತೇನೆ, ಮೈಕಿನಲ್ಲೇ.

ಗಿನ್ಕಾಗೆ ನನ್ನ ನೆನಪುಗಳು. ಜಿರೇನಿಯಂನ ಹೊಸ ಕೊಂಬೆ ಕಳಿಸುತ್ತೇನೆ.

ನಿನ್ನ ಜೊತೆ ಬರೆಯುವವಳು,
ರುಮ್ಯಾನಾ

ತಾಜಾ ಕಲಂ: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ಜೆಜ್ವೆ ತರುವುದು ಬೇಡ, ಗಿನ್ಕಾಳಿಗೇ ಬಿಟ್ಟು ಬಾ. ನೀನು ಹೋದ ಮಾರನೆಯ ದಿನ ನಾನು ಅಂಗಡಿಯಲ್ಲಿ ಕೊಂಡದ್ದು ಒಂದಲ್ಲ, ಎರಡು. ಎರಡು ಕಪ್ಪಿನದು ಅಂದಿನಿಂದ ಮೇಲಿನ ಕಪಾಟಿನಲ್ಲಿ, ಸುತ್ತಿದ ಕಾಗದದಲ್ಲೇ ಇದೆ. ಈಗ ತೊಳೆದು ಒಲೆಯ ಪಕ್ಕ ಇಟ್ಟಿದ್ದೇನೆ. ಅದೊಂದರಿಂದಲೇ ಅಳತೆ ನೋಡಬಹುದಲ್ಲ, ನಾನ್ಯಾಕೆ ಬರಬೇಕು ಎಂದು ಕೇಳಬೇಡ. ಬಾ.