ಹೇಮಶ್ರೀಯ ಎಡೆಗೆ ಒಂದು ಬಟ್ಟಲು ರಾಮೆನ್

ಯೂನಿಯನ್ ಸಿಟಿ
ಸೋಮವಾರ, 15 ಸೆಪ್ಟೆಂಬರ್ 2025

ಚಿರಂಜೀವಿ ಶಿವುಗೆ,

ಅಪ್ಪನ ಆಶೀರ್ವಾದ. ಹೇಗಿದ್ದೀಯ ಮಗಾ? ಸೊಂಟನೋವು ಕಡಿಮೆಯಾಯಿತೇ? ಮೀಟಿಂಗು ಮೀಟಿಂಗು ಎಂದು ಕುರ್ಚಿಗೆ ಅಂಟಿಕೊಂಡಿರಬೇಡ, ಆಗಾಗ ಎದ್ದು ಓಡಾಡು. ನಿಮ್ಮಮ್ಮ ಎದುರಿಗೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತ, "ತಲೆಗೆ ಎಣ್ಣೆ ಮಡಿಕತನಾ ಕೇಳು, ಬೆಳಗ್ಗೆ ಹೊಟ್ಟೆಗೆ ಏನ್ ತಿಂತನೆ ಕೇಳು" ಎಂದು ಹೇಳಿ ಬರೆಸುತ್ತಿದ್ದಾಳೆ. ಅವಳಿಗೆ ಓದಲು ಬಾರದಿದ್ದರೂ, ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಕವರು ಅಂಟಿಸತಕ್ಕದ್ದು ಎಂಬ ಷರತ್ತು ಹಾಕಿದ್ದಾಳೆ. ಆದ್ದರಿಂದ ಈ ಪತ್ರಕ್ಕೆ ಸೆನ್ಸಾರ್ ಮಂಡಳಿಯ ಮಂಜೂರಾತಿ ಇದೆ ಎಂದು ತಿಳಿ. ನನ್ನ ಸಕ್ಕರೆ ಕಾಯಿಲೆ ಆರೋಗ್ಯವಾಗಿದೆ. ಅವಳ ಮಂಡಿ ಹೇಳಿದ ಮಾತು ಕೇಳುತ್ತಿಲ್ಲ, ನಮ್ಮ ಮನೆಯಲ್ಲಿ ಯಾರು ತಾನೇ ಕೇಳುತ್ತಾರೆ?

ನೀನು ಪ್ರತಿ ಭಾನುವಾರ ಕಳಿಸುವ ಗ್ರೋಸರಿ ತಪ್ಪದೆ ಬಾಗಿಲಿಗೆ ಬಂದು ಬೀಳುತ್ತಿದೆ. ರಾಗಿ ಹಿಟ್ಟು, ಕರಿಬೇವು, ಮಂಡಿಗೆ ತಿಕ್ಕುವ ಮುಲಾಮು. ಮುಲಾಮು ಮುಗಿದ ವಾರವೇ ಹೊಸದು ಬರುತ್ತದೆ, ನಿನಗೆ ಯಾರು ಹೇಳುತ್ತಾರೋ ದೇವರಿಗೇ ಗೊತ್ತು. ಚೀಲದಲ್ಲಿ ಎಲ್ಲ ಇರುತ್ತದೆ, ನಿನ್ನ ಒಂದು ಸಾಲು ಮಾತ್ರ ಇರುವುದಿಲ್ಲ. ನಿಮ್ಮಮ್ಮ ಈಗಲೂ ಚೀಲದ ತಳದವರೆಗೆ ಕೈ ಆಡಿಸಿ ನೋಡುತ್ತಾಳೆ. ನೀನಿರುವ ಡ್ಯಾನ್‌ವಿಲ್ ಏನು ಏಳು ಸಮುದ್ರದ ಆಚೆ ಇದೆಯೇ? ಫ್ರೀವೇ ಖಾಲಿಯಿದ್ದರೆ ಅರ್ಧ ಗಂಟೆ. ಆ ಅರ್ಧ ಗಂಟೆಯ ದಾರಿಗೆ ನಾನು ಅಂಚೆಚೀಟಿ ಅಂಟಿಸುತ್ತಿದ್ದೇನೆ. ಫೋನು ಮಾಡಿದರೆ ಎತ್ತುವುದಿಲ್ಲ, ಮೆಸೇಜು ಹಾಕಿದರೆ ನೋಡುವುದಿಲ್ಲ. ಕಾಗದವಾದರೆ ಹರಿದು ಹಾಕುವುದಕ್ಕಾದರೂ ಕೈಗೆ ತೆಗೆದುಕೊಳ್ಳಬೇಕಲ್ಲ, ಆಗ ಕಣ್ಣು ಅಪ್ಪಿತಪ್ಪಿ ಒಂದೆರಡು ಸಾಲಿನ ಮೇಲೆ ಬೀಳಬಹುದು ಎಂಬ ದುರಾಸೆ.

ಬರುವ ಭಾನುವಾರ ಮಹಾಲಯ ಅಮಾವಾಸ್ಯೆ. ನಿನ್ನ ಹೆಂಡತಿ ಹೋಗಿ ಕಳೆದ ತಿಂಗಳಿಗೆ ವರ್ಷ ತುಂಬಿತು. ಈ ಸಲ ನಿನ್ನ ತಾತ, ಮುತ್ತಜ್ಜಿಯರ ಜೊತೆ ಹೇಮಶ್ರೀಗೂ ಎಡೆ ಇಡಬೇಕು. ಹಿರಿಯರ ಹಬ್ಬ ಎನ್ನುತ್ತೇವೆ. ಮೂವತ್ತಾರು ವರ್ಷದ ಹುಡುಗಿಯನ್ನು ಹಿರಿಯರ ಸಾಲಿನಲ್ಲಿ ಕೂರಿಸಿ ಎಪ್ಪತ್ತೊಂದರ ನಾನು ಅಡ್ಡಬೀಳಬೇಕು. ಈ ಏರ್ಪಾಟು ಮಾಡಿದವನು ಯಾರಾದರೂ ಸಿಕ್ಕಿದರೆ ಎರಡು ಮಾತು ಕೇಳುವುದಿದೆ, ಇರಲಿ. ಸೀರೆ, ಬಳೆ, ಕುಂಕುಮ ಎಲ್ಲ ತಂದಾಗಿದೆ. ಧೂಪ ಹಾಕಿದೊಡನೆ ಚಾವಣಿಯಲ್ಲಿರುವ ಹೊಗೆಯ ಯಂತ್ರ ಕೂಗಿಕೊಂಡು ಅಗ್ನಿಶಾಮಕ ದಳದವರು ಹಿರಿಯರಿಗಿಂತ ಮೊದಲು ಬಂದುಬಿಡಬಾರದೆಂದು, ಅದಕ್ಕೆ ಸ್ನಾನದ ಟೋಪಿ ತೊಡಿಸುವುದೆಂದು ತೀರ್ಮಾನವಾಗಿದೆ. ಉಳಿದದ್ದು ಊಟದ ಪ್ರಶ್ನೆ. ಹೋದವರಿಗೆ ಯಾವುದು ಇಷ್ಟವೋ ಅದನ್ನು ತಾನೇ ಎಲೆಗೆ ಬಡಿಸಬೇಕು? ನಿಮ್ಮಮ್ಮ ಒಂದೇ ಮಾತಿಗೆ ಹೇಳಿದಳು: "ಆಸ್ಪತ್ರೆಯಿಂದ ಬರಬೇಕಾದ್ರೆ ಆ ಶ್ಯಾವ್ಗೆ ತಿನ್ಕಂಡ್ ಬತ್ತಿದ್ಲಲ್ಲ, ರಾಮೇನೋ ಭೀಮೇನೋ, ಅದ್ನ ಇಡ್ಬೇಕು."

ಶಾವಿಗೆ ಎಂದಾಕ್ಷಣ ನಾನು ತಲೆ ತಗ್ಗಿಸಿದೆ. ತಿಥಿಯ ದಿನ, ಅಷ್ಟು ಜನರ ಎದುರಿಗೆ ನಾನು ನಿನಗೆ ಅಂದದ್ದು ಅದೇ ಶಾವಿಗೆಯ ಮಾತನ್ನಲ್ಲವೇ? "ನಾನು ದಿನಾ ಕುರಿ ಕಾಲು ಸೂಪಲ್ಲಿ ತುಂಬಿ ಕಳಿಸಿದ ತ್ರಾಣನೆಲ್ಲ ನೀನು ಆ ಶ್ಯಾವ್ಗೆ ಅಂಗಡೀಲಿ ಕಳ್ದು ಬಂದೆ. ಸರಿಯಾದ್ದು ತಿನ್ಸಿದ್ರೆ ಇನ್ನೂ ನಾಕು ದಿನ ಇರೋಳು." ನೀನು ಬಂದವರಿಗೆಲ್ಲ ಬಡಿಸಿದೆ, ಎಲೆ ಎತ್ತಿದೆ, ಕಾರು ಹತ್ತಿದೆ. ಅಂದು ಹೋದವನು ಇಂದಿಗೂ ಹೊಸ್ತಿಲು ತುಳಿದಿಲ್ಲ.

ಯಾವ ಅಂಗಡಿ ಎಂದು ಗೊತ್ತಿದ್ದವರು ಇಬ್ಬರೇ. ಒಬ್ಬಳು ಇಲ್ಲ, ಇನ್ನೊಬ್ಬ ಫೋನು ಎತ್ತುವುದಿಲ್ಲ. ಹೀಗಾಗಿ ಪಕ್ಕದ ಮನೆಯ ಆರತಿಯ ಕಾರಿನಲ್ಲಿ ಶನಿವಾರ ಶನಿವಾರ ರಾಮೆನ್ ತನಿಖಾ ಆಯೋಗ ಹೊರಡತೊಡಗಿತು. ನನ್ನ ಸಿದ್ಧಾಂತ ಸರಳ: ಹೇಮಶ್ರೀ ಹಾಸನದ ಹುಡುಗಿ, ನಾಲಿಗೆ ಚುರುಕು, ನನ್ನ ಸಾರಿಗೇ ಉಪ್ಪು ಮುಂದಾಯಿತು ಎಂದು ಹೇಳುವ ಧೈರ್ಯವಿದ್ದ ಏಕೈಕ ಸೊಸೆ. ಅವಳು ಹೋಗುತ್ತಿದ್ದದ್ದು ಅತ್ಯುತ್ತಮ ಅಂಗಡಿಗೇ ಆಗಿರಬೇಕು. ಅತ್ಯುತ್ತಮವನ್ನು ಹುಡುಕಿದರೆ ಅವಳದ್ದು ಸಿಕ್ಕಂತೆಯೇ. ಅದನ್ನು ಹುಡುಕಲು ಮಂಡ್ಯದಲ್ಲಿ ಮೂವತ್ತನಾಲ್ಕು ವರ್ಷ ಮಿಲಿಟರಿ ಹೋಟೆಲಿನಲ್ಲಿ ಮೂಳೆ ಬೇಯಿಸಿದ ನನಗಿಂತ ಅರ್ಹರು ಈ ಬೇ ಏರಿಯಾದಲ್ಲಿ ಯಾರಿದ್ದಾರೆ ಹೇಳು? ರಾಮೆನ್ ಎಂದರೆ ಏನೋ ಎಂದುಕೊಂಡಿದ್ದೆ. ನಮ್ಮ ಕಾಲು ಸೂಪಿನ ದೂರದ ನೆಂಟ. ದೇಶ ಬಿಟ್ಟು ಹೋಗಿ ಶಾವಿಗೆಯನ್ನು ಮದುವೆಯಾಗಿದ್ದಾನೆ, ಅಷ್ಟೇ.

ನನ್ನ ಪರೀಕ್ಷೆಯ ಕ್ರಮ ಕೇಳು. ಮೊದಲು ಸೂಪು. ಎರಡು ಗುಟುಕು ಕುಡಿದು ತುಟಿ ಮುಚ್ಚಿದರೆ ತುಟಿಗೆ ತುಟಿ ಅಂಟಬೇಕು. ಅಂಟಿದರೆ ಮೂಳೆ ಪ್ರಾಮಾಣಿಕವಾಗಿ ಬೆಂದಿದೆ, ಇಲ್ಲದಿದ್ದರೆ ಪುಡಿಯ ವ್ಯಾಪಾರ. ಆಮೇಲೆ ಶಾವಿಗೆ: ಹಲ್ಲಿಗೆ ಸ್ವಲ್ಪ ಎದುರು ಮಾತಾಡಬೇಕು, ಆದರೆ ಜಗಳವಾಡಬಾರದು. ಮೊಟ್ಟೆಯ ಹಳದಿ ಪೂರ್ತಿ ಗಟ್ಟಿಯೂ ಆಗದೆ ಹರಿದೂ ಹೋಗದೆ, ಮನಸ್ಸು ಮಾಡಲಾರದವನ ಹಾಗೆ ನಡುವೆ ನಿಂತಿರಬೇಕು. ಕ್ಯುಪರ್ಟಿನೋದ ಅಂಗಡಿಯ ಮುಂದೆ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತೆವು. ತುಟಿ ಅಂಟಿತು, ಎಂಟು ಅಂಕ. ಹೇವರ್ಡಿನಲ್ಲಿ ಮೊಟ್ಟೆ ಫ್ರಿಜ್ಜಿನಿಂದ ನೇರ ಬಟ್ಟಲಿಗೆ ಇಳಿದು ನಡುಗುತ್ತಿತ್ತು, ನಾಲ್ಕು. ಫ್ರೀಮಾಂಟಿನಲ್ಲಿ ಬೆಳ್ಳುಳ್ಳಿ ಹಾಕಿದ್ದ ರೀತಿ ನೋಡಿದರೆ ಕೆಳಗೆ ಏನೋ ಮುಚ್ಚಿಡುವ ಉದ್ದೇಶವಿತ್ತು, ಐದು. "ಅಂಕಲ್, ಪ್ಲೀಸ್, ಮಾರ್ಕ್ಸ್ ಗಟ್ಟಿಯಾಗಿ ಅನೌನ್ಸ್ ಮಾಡ್ಬೇಡಿ" ಎಂದು ಆರತಿ ಮೇಜಿನ ಕೆಳಗಿಂದ ಕಾಲು ತುಳಿದಳು. "ಕನ್ನಡದಲ್ಲಿ ಹೇಳ್ತಿದೀನಿ ಬಿಡವ್ವ" ಎಂದೆ. ಹಿಂದಿನ ಮೇಜಿನಿಂದ ಯಾರೋ, "ಐದು ಜಾಸ್ತಿ ಆಯ್ತು ಸಾರ್" ಎಂದರು.

ಆಯೋಗದ ಎರಡನೆಯ ಸದಸ್ಯೆ ನಿಮ್ಮಮ್ಮ. ಹೇಮಶ್ರೀ ಮನೆಗೆ ಬಂದಾಗ ಅವಳ ಸ್ವೆಟರನ್ನು ಒಗೆಯುತ್ತಿದ್ದವಳು ಇವಳು; ಆ ಸೂಪಿನ ವಾಸನೆ ಇವಳ ಮೂಗಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಪ್ರತಿ ಅಂಗಡಿಯಿಂದ ಒಂದಿಷ್ಟು ಸೂಪನ್ನು ಫ್ಲಾಸ್ಕಿಗೆ ತುಂಬಿಸಿಕೊಂಡು ಬರುತ್ತಿದ್ದೆ. ಅದೇ ಸ್ಟೀಲ್ ಫ್ಲಾಸ್ಕು, ನಿನ್ನ ಮದುವೆಗೆ ನಿನ್ನ ಸೋದರತ್ತೆ ಸಣ್ಣತಾಯಮ್ಮ ತನ್ನ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿ ಕೊಟ್ಟದ್ದು. ನಾನು ಆಸ್ಪತ್ರೆಗೆ ಕಾಲು ಸೂಪು ಕಳಿಸುತ್ತಿದ್ದದ್ದೂ ಅದರಲ್ಲೇ. ಹಂದಿ ಮೂಳೆಯ ಶಂಕೆ ಇದ್ದುದರಿಂದ ಮೂಸುವ ಕಲಾಪ ಮನೆಯ ಹೊರಗಿನ ಪ್ಯಾಸೇಜಿನಲ್ಲಿ ನಡೆಯುತ್ತಿತ್ತು. ಸೆರಗಿನಲ್ಲಿ ಫ್ಲಾಸ್ಕು ಹಿಡಿದು, ಕಣ್ಣು ಮುಚ್ಚಿ, ಉಸಿರೆಳೆದು, "ಇದಲ್ಲ, ನೀನು ತಲೆಗೆ ನೀರು ಹುಯ್ಕಂಡು ಒಳೀಕ್ ಬಾ" ಎನ್ನುತ್ತಿದ್ದಳು. ಎಡೆಗೆ ಹಂದಿ ಆಗುತ್ತದೆಯೇ ಎಂದು ನಾನು ಒಮ್ಮೆ ಧರ್ಮಸೂಕ್ಷ್ಮ ಎತ್ತಿದೆ. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಹೇಳಿದಳು: "ಅವ್ಳು ತಿಂತಿದ್ದುದ್ದು ಅಂದ್ಮ್ಯಾಕೆ ಅಂದಿಯೋ ಕುರಿಯೋ, ಒಳೀಕ್ ಬರ್ಲಿ."

ಮೊನ್ನೆ ಶನಿವಾರ ಐದನೆಯ ಅಂಗಡಿ. ಆಸ್ಪತ್ರೆಯ ಎದುರು ಸಾಲಿನಲ್ಲಿ, ಬಟ್ಟೆ ಒಗೆಯುವ ಅಂಗಡಿಗೆ ಒತ್ತಿಕೊಂಡು ಇರುವ ಆರೇ ಕುರ್ಚಿಯ ಅಂಗಡಿ. ನಿನಗೆ ವರ್ಣಿಸಬೇಕಾಗಿಲ್ಲ. ಹೊರಗಿನಿಂದ ನೋಡಿ ಇಂಥಲ್ಲಿ ನಮ್ಮ ಹುಡುಗಿ ಕಾಲಿಡಲಾರಳು ಎಂದು ನಾಲ್ಕು ವಾರ ಅದನ್ನು ದಾಟಿಕೊಂಡೇ ಹೋಗಿದ್ದೆ. ಅಂಗಡಿಯಾಕೆ ಫುಮಿಕೋ, ನನ್ನ ವಯಸ್ಸಿನವಳೇ, ಒಬ್ಬಳೇ ಬೇಯಿಸಿ ಒಬ್ಬಳೇ ಬಡಿಸುತ್ತಾಳೆ. ಕೋಳಿ ಮೂಳೆಯ ತಿಳಿಸಾರು, ಬಟ್ಟಲಿನ ತಳದ ಹೂವು ಕಾಣುವಷ್ಟು ತಿಳಿ. ತುಟಿ ಅಂಟಲಿಲ್ಲ, ಖಾರವಿಲ್ಲ, ಉಪ್ಪು ಇದೆಯೋ ಇಲ್ಲವೋ ವಿಚಾರಣೆ ಮಾಡಬೇಕು. "ಮೂರು ಅಂಕ, ಅದೂ ಆಕೆಯ ವಯಸ್ಸಿಗೆ ಮರ್ಯಾದೆ ಕೊಟ್ಟು" ಎಂದು ಆರತಿಗೆ ಹೇಳುತ್ತ ಫ್ಲಾಸ್ಕನ್ನು ಮೇಜಿನ ಮೇಲೆ ಇಟ್ಟೆ. ಫುಮಿಕೋ ಅದನ್ನು ನೋಡಿದಳು. ಕೈ ಒರೆಸಿಕೊಂಡು ಬಂದು ಚುಕ್ಕಿ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಆರತಿಯನ್ನು ಕೇಳಿದಳು: "ಹೇಮಾ'ಸ್ ಫಾದರ್?"

ಮಾವ ಎಂದು ನಾನು ತಿದ್ದಲಿಲ್ಲ. ಹೌದು ಎಂದು ತಲೆಯಾಡಿಸಿದೆ. ಚುಕ್ಕಿಗಳಲ್ಲಿ ಬರೆದಿರುವುದು ನನ್ನ ತಂಗಿಯ ಹೆಸರು ಎಂದು ತಿಳಿದಾಗ ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಇಷ್ಟು ದಿನ ರೋಗ ವಾಸಿಯಾಗುವ ಮಂತ್ರ ಎಂದುಕೊಂಡಿದ್ದಳಂತೆ. ನಕ್ಕವಳು ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟಳು. ಹೇಮಶ್ರೀ ಯಾವಾಗಲೂ ಗೋಡೆಯ ಕಡೆಯ ಕುರ್ಚಿಯಲ್ಲೇ ಕೂರುತ್ತಿದ್ದಳಂತೆ, ಟೋಪಿ ತೆಗೆದಿಟ್ಟು. ಬೋಳು ತಲೆಯನ್ನು ಅವಳು ನಮ್ಮ ಮುಂದೆ ಒಂದು ದಿನವೂ ತೋರಿಸಲಿಲ್ಲ ಶಿವು. ಅಲ್ಲಿ ಆರಾಮವಾಗಿ ಕೂತು, ಸೊರ್ ಎಂದು ಸದ್ದು ಮಾಡಿಕೊಂಡು ತಿನ್ನುತ್ತಿದ್ದಳಂತೆ. ಹೋದ ತಿಂಗಳು ನೀನೊಬ್ಬನೇ ಬಂದಿದ್ದೆಯಂತೆ. ಒಂದು ಬಟ್ಟಲು ತರಿಸಿ, ಗೋಡೆಯ ಕಡೆಯ ಕುರ್ಚಿಯ ಮುಂದೆ ಇಡಿಸಿ, ಅದು ಆರುವವರೆಗೂ ಪಕ್ಕದಲ್ಲಿ ಕೂತಿದ್ದು, ಮುಟ್ಟದೆ ಎದ್ದುಹೋದೆಯಂತೆ. ಅಡುಗೆ ರುಚಿಸಲಿಲ್ಲವೇನೋ ಎಂದು ಫುಮಿಕೋ ಈಗಲೂ ಅನುಮಾನದಲ್ಲಿದ್ದಾಳೆ. ನಮ್ಮ ಕಡೆ ಅದಕ್ಕೆ ಎಡೆ ಎನ್ನುತ್ತಾರೆ ಎಂದು ಆರತಿಯ ಕೈಲಿ ಹೇಳಿಸಿದೆ. ವರ್ಷದ ದಿನ ನನ್ನ ಮಗ ಪರವೂರಿನ ಅಂಗಡಿಯಲ್ಲಿ ಒಬ್ಬನೇ ಕೂತು ಹೆಂಡತಿಗೆ ಎಡೆ ಇಟ್ಟ. ಜೊತೆಗೆ ನಿಂತು ಕೈ ಮುಗಿಯಲು ಮನೆಯವರೆನ್ನುವವರು ಒಬ್ಬರೂ ಇರಲಿಲ್ಲ.

ಫ್ಲಾಸ್ಕು ತಂದು ನಿಮ್ಮಮ್ಮನಿಗೆ ಕೊಟ್ಟೆ. ಮುಚ್ಚಳ ತೆಗೆದವಳು ಈ ಸಲ ಕಣ್ಣು ಮುಚ್ಚಲಿಲ್ಲ. "ಇದೇಯ" ಎಂದಳು. ಭಾನುವಾರ ಅಂಗಡಿಗೆ ರಜೆಯಿದ್ದರೂ ಫುಮಿಕೋ ಒಂದು ಬಟ್ಟಲಿಗಾಗುವಷ್ಟು ಮಾಡಿಕೊಡುತ್ತಾಳೆ. ಹತ್ತೂವರೆಗೆ ತಂದರೆ ಹನ್ನೊಂದಕ್ಕೆ ಎಡೆ. ಶಾವಿಗೆಯನ್ನು ಬೇರೆ ಕಟ್ಟಿಕೊಡುತ್ತೇನೆ, ಕಡೆಯಲ್ಲಿ ಬೆರೆಸಿ ಎಂದಿದ್ದಾಳೆ. ಎಡೆ ಇಡಬೇಕಾದವನು ಗಂಡ. ಅದು ಮಾವನ ಕೆಲಸವಲ್ಲ.

ನಿಮ್ಮಮ್ಮ ಇಲ್ಲಿಯವರೆಗೂ ಕೇಳಿ, ಮೂಗೊರೆಸಿಕೊಂಡು, "ಸಾಕು, ಇನ್ ಎಚ್ಚಿಗೆ ಕೊಯ್ಬ್ಯಾಡ, ಬಾ ಅಂತ ಬರ್ದು ಸೈನ್ ಹಾಕು" ಎಂದಿದ್ದಾಳೆ. ಬಾ. ನಿನಗೆ ಒಳ್ಳೆಯ ನಿದ್ದೆ ಬರಲಿ, ಹೊಟ್ಟೆ ತಣ್ಣಗಿರಲಿ, ನಿನ್ನ ಕಾರಿಗೆ ಎಲ್ಲ ದೀಪವೂ ಹಸಿರಾಗಿರಲಿ.

ನಿನ್ನ ಅಪ್ಪ,
ದೇವರಾಜು

ಮರೆತ ಮಾತು: ನಿಮ್ಮಮ್ಮ ಸ್ನಾನಕ್ಕೆ ಹೋದಳು, ಇದನ್ನು ಅವಳಿಗೆ ಓದಿ ಹೇಳುವುದಿಲ್ಲ. ಆ ಫ್ಲಾಸ್ಕು ಫುಮಿಕೋಗೆ ಅಷ್ಟು ಚೆನ್ನಾಗಿ ಹೇಗೆ ಗೊತ್ತು ಎಂದು ಮೇಲೆ ಬರೆಯಲಿಲ್ಲ. ಕೀಮೋ ಶುರುವಾದ ಮೇಲೆ ಕಾಲು ಸೂಪಿನ ಮುಚ್ಚಳ ತೆಗೆದರೇ ಹೇಮಶ್ರೀಗೆ ವಾಂತಿಯಾಗುತ್ತಿತ್ತಂತೆ. ಮುಖ ತೊಳೆಯಲೆಂದು ನೀವು ಆ ಅಂಗಡಿಗೆ ಮೊದಲ ಸಲ ಹೋದದ್ದೇ ಹಾಗಂತೆ. "ಮಾವ ಅರ್ಧ ದಿನ ನಿಂತು ಬೇಯಿಸಿದ್ದು, ಚೆಲ್ಲಬೇಡಿ" ಎಂದು ಫುಮಿಕೋಗೆ ಕೊಟ್ಟು, ಆಕೆಯ ತಿಳಿಸಾರನ್ನು ಇವಳು ಕುಡಿಯುತ್ತಿದ್ದಳಂತೆ. ಒಟ್ಟು ನಲವತ್ತು ಫ್ಲಾಸ್ಕು. ನೀನು ನಿಂತು ತೊಳೆದು, ಸೋಪಿನ ವಾಸನೆ ಉಳಿಯದ ಹಾಗೆ ಮೂರು ಸಲ ಜಾಲಿಸುತ್ತಿದ್ದೆಯಂತೆ. ಮನೆಗೆ ಬಂದು ಅವಳು "ಸೂಪರ್ ಮಾವ, ಫುಲ್ ಖಾಲಿ" ಎನ್ನುತ್ತಿದ್ದಳು. ನಾನು ಮೀಸೆ ತಿರುವುತ್ತಿದ್ದೆ. ತಿಥಿಯ ದಿನ ನೀನು ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಗೆಲ್ಲುತ್ತಿದ್ದೆ. ಅವಳ ಆ ‘ಫುಲ್ ಖಾಲಿ’ ಮಾತು ಉಳಿಸಲು ಬಾಯಿ ಮುಚ್ಚಿಕೊಂಡು ಹೋದೆ. ಆ ತಿಳಿಸಾರೇ ಅವಳನ್ನು ಅಷ್ಟು ದಿನ ಇರಿಸಿತ್ತು. ನಾನು ಅಂದದ್ದು ತಪ್ಪು ಮಗಾ. ಅಷ್ಟು ಜನರ ಮುಂದೆ ಅಂದದ್ದು ಇನ್ನೂ ದೊಡ್ಡ ತಪ್ಪು.

ಇನ್ನೊಂದು. ನಿಮ್ಮಮ್ಮ ನಿನ್ನೆ ಎಂಟು ಕುರಿಕಾಲು ತರಿಸಿ ಫ್ರೀಜರಿಗೆ ಹಾಕಿದ್ದಾಳೆ. "ಒಂದು ದಿನಾನೂ ಉಳಿಸ್ದೆ ಕುಡುದ್ಲು, ಅವ್ಳ ಎಡೆಗೆ ಕಾಲು ಸೂಪಿಲ್ದೆ ಆದಾತಾ?" ಎನ್ನುತ್ತಾಳೆ. ಆ ಕಾಲುಗಳನ್ನು ಸುಟ್ಟು ಹೆರೆಯುತ್ತಿದ್ದವಳು ಅವಳೇ, ನಾನು ಬೇಯಿಸುತ್ತಿದ್ದೆ ಅಷ್ಟೇ. ಇಟ್ಟರೆ ಹೇಮಶ್ರೀಗೆ ಆಗುವುದಿಲ್ಲ. ಇಡದಿದ್ದರೆ ಯಾಕೆ ಎಂದು ಇವಳಿಗೆ ಹೇಳಬೇಕು. ಎರಡೇ ದಿನಕ್ಕೆ ನನಗೆ ಅವಳ ಮುಖ ನೋಡಲು ಆಗುತ್ತಿಲ್ಲ, ನೀನು ಒಂದು ವರ್ಷ ಹೇಗೆ ಇಟ್ಟುಕೊಂಡೆಯೋ? ಏನು ಮಾಡಲಿ, ನೀನೇ ಬಂದು ಹೇಳು. ನೀರಿನ ಸದ್ದು ನಿಂತಿತು.