ಒಂದು ಷೇರಿಗೆ ಹತ್ತು ಮತ

ಸೆಪ್ಟೆಂಬರ್ ೨೬, ಶುಕ್ರವಾರ. ಮೂಡುಬಿದಿರೆ.

ಎಷ್ಟು ತೊಳೆದರೂ ಕೈಯ ಹೇಸಿಗೆ ಹೋಗುತ್ತಿಲ್ಲ. ಚಿದಾನಂದರು ನಗುತ್ತಾ ಕುಲುಕಿದ ಕೈ ಇದು.

ಇವತ್ತು ಅವರ ಕಂಪೆನಿಯ ಷೇರುದಾರರ ವಾರ್ಷಿಕ ಸಭೆ. ಅವರ ಮಗ ಶ್ರವಣನನ್ನು ಮತ್ತೆ ನಿರ್ದೇಶಕನನ್ನಾಗಿ ಮಾಡುವ ಠರಾವು. ಅವನ ಕೈಕೆಳಗೆ ದುಡಿಯುವ ನನ್ನ ತಂಗಿಯ ಮಗಳು ಮೋಕ್ಷಿತಾ ಅವನ ಕಿರುಕುಳದ ಬಗ್ಗೆ ಬೇಸಗೆಯಲ್ಲೇ ದೂರು ಕೊಟ್ಟಿದ್ದಳು. ನಾನು ಎದ್ದು ನಿಂತು ಅದನ್ನೇ ಹೇಳಿದೆ. ಸಣ್ಣ ಷೇರುದಾರರು ಬಹುತೇಕ ಎಲ್ಲರೂ ವಿರುದ್ಧ ಮತ ಹಾಕಿದರು. ಆದರೂ ಠರಾವು ಪಾಸಾಯಿತು. ನಮ್ಮ ಒಂದು ಷೇರಿಗೆ ಒಂದು ಮತ, ಚಿದಾನಂದರ ಒಂದು ಷೇರಿಗೆ ಹತ್ತು.

“ನಿಮ್ಮ ಮಾತಿಗೆ ಬೆಲೆ ಉಂಟು ಮಾರಾಯ್ರೇ. ಊಟ ಮಾಡಿಯೇ ಹೋಗಿ,” ಎಂದು ಚಿದಾನಂದರು ಕೈ ಕುಲುಕಿದರು.

ಕಂಪೆನಿಯ ಭವಿಷ್ಯ ಕಾಯಲಿಕ್ಕೆ ಈ ಹೆಚ್ಚಿನ ಮತ ಎಂದು ನಮಗೆ ಷೇರು ಮಾರುವಾಗ ಹೇಳಿದ್ದರು. ಕಾದದ್ದು ಮಗನನ್ನು. ಥೂ.

ಊಟ ಮಾಡದೆ ಹೊರಬಿದ್ದೆ. ದಾರಿಯಲ್ಲೇ ಮೋಕ್ಷಿತಾಳ ಫೋನ್.

“ಏನಾಯ್ತು ಮಾವ?”

“ಜನ ನಮ್ಮ ಕಡೆ ಇದ್ದರು ಮಗಾ. ಮತ ಅವರ ಕಡೆ.”



“ಹಾಗಾದರೆ ಸೋಮವಾರ ನಾನು ಅವನಿಗೇ ಗುಡ್ ಮಾರ್ನಿಂಗ್ ಹೇಳಬೇಕಾ?”

ಬೇಡ, ಆ ಕೆಲಸವೇ ಬೇಡ ಎನ್ನಲು ಬಾಯಿ ತೆರೆದೆ. ಆದರೆ ತಂಗಿಯ ಮನೆ ನಡೆಯುವುದು ಅವಳ ಸಂಬಳದಲ್ಲಿ. “ಹೇಳು ಮಗಾ, ಕೈ ಮಾತ್ರ ಕುಲುಕಬೇಡ,” ಎಂದೆ.