‘ಸೂಕ್ತ ಕಾಲ’ ಎಂದರೆ ಯಾವ ತಾರೀಖು?

ಸೂಕ್ತ ಕಾಲದ ಅಧಿಪತಿಗಳಾದ ಮಾನ್ಯ ಅಧಿಕಾರಿಗಳೇ,

ನಾನು ನೋಡಿಕೊಳ್ಳುವ ವಿಮಾನದ ಆಟೋಪೈಲಟ್‌ನಲ್ಲಿ ಒಂದು ದೋಷಪೂರಿತ ಭಾಗವಿದೆ. ಇದು ನನ್ನ ಊಹೆಯಲ್ಲ. ತಯಾರಿಸಿದ ಕಂಪನಿಯೇ ತಪ್ಪೊಪ್ಪಿಕೊಂಡು, ವಾರಂಟಿಯಲ್ಲಿ ಬೇರೆಯದನ್ನು ಕೊಡುತ್ತೇವೆಂದು ಅದನ್ನು ವಾಪಸು ಕರೆದಿದೆ. ಹಾಗಿದ್ದೂ ಐದು ತಿಂಗಳಿಂದ ಅದು ವಿಮಾನದಲ್ಲೇ ಕೂತು ಊರೂರು ಸುತ್ತುತ್ತಿದೆ. ಯಾವಾಗ ಬದಲಿಸಲಿ ಎಂದು ಕೇಳಿ ನಾನು ಬರೆದ ಏಳು ಪತ್ರಗಳಿಗೂ ತಮ್ಮ ವಿಮಾನ ಸುರಕ್ಷತಾ ಕಚೇರಿಯಿಂದ ಬಂದ ಉತ್ತರ ಒಂದೇ: ‘ಸೂಕ್ತ ಕಾಲದಲ್ಲಿ.’

ಆ ಏಳೂ ಇಂಗ್ಲಿಷ್ ಪತ್ರಗಳು. ಎಂಟನೆಯದನ್ನು ಕನ್ನಡದಲ್ಲಿ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಇದಕ್ಕೆ ಕಾರಣ ತಾವೇ. ಖುದ್ದಾಗಿ ಕಾಣಲು ಬಂದ ದಿನ, ಚೀಟಿಯಲ್ಲಿ ಸುಶಮೀಂದ್ರ ಎಂಬ ಹೆಸರು ಓದಿ ತಾವು ಕುರ್ಚಿಯಿಂದ ಎದ್ದೇಬಿಟ್ಟಿರಿ. “ಅರೆ, ನಮ್ಮೋರು. ಯಾವ ಕಡೆಯವ್ರು ನೀವು?” ಅಜ್ಜನ ಕಾಲದಿಂದ ಇಲ್ಲೇ, ಚೆನ್ನೈನ ಕೀಲ್ಪಾಕ್ ಎಂದೆ. “ಅದಕ್ಕೂ ಮುಂಚೆ?” ಎಂದಿರಿ. ರಾಯಚೂರಿನ ಕಡೆ ಎಂದೆ. ಅಲ್ಲಿಂದ ಮಾತು ಬಿಸಿಲಿಗೆ ಹೋಯಿತು, ಜೋಳದ ರೊಟ್ಟಿಗೆ ಹೋಯಿತು, ಈ ಊರಲ್ಲಿ ಮಕ್ಕಳು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುತ್ತಾರೆಂಬ ದುಃಖಕ್ಕೆ ಹೋಯಿತು. ಕಾಫಿಯೂ ಬಂತು. ಆಟೋಪೈಲಟ್ ಮಾತ್ರ ಬರಲಿಲ್ಲ. ನಾನೇ ಎತ್ತಿದಾಗ, “ನೋಡೋಣ ಸ್ವಾಮಿ, ನಮ್ಮೋರೇ ಅಂದ್ಮೇಲೆ ಆಗದೆ ಇರುತ್ತಾ?” ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟಿರಿ. ಇಷ್ಟು ಮರ್ಯಾದೆಯಿಂದ ನನ್ನನ್ನು ಈವರೆಗೆ ಯಾರೂ ಬರಿಗೈಲಿ ಕಳಿಸಿಲ್ಲ.

ಓದುಗರಿಗಾಗಿ ವಿಷಯ ಹೇಳಿಬಿಡುತ್ತೇನೆ. ನಮ್ಮದು ರೋಗಿಗಳನ್ನು ಚೆನ್ನೈನ ಆಸ್ಪತ್ರೆಗಳಿಗೆ ಕರೆತರುವ ಪುಟ್ಟ ವಿಮಾನ. ಒಬ್ಬರೇ ಪೈಲಟ್. ಒಬ್ಬರೇ ಹಾರಿಸಬೇಕಾದರೆ ಆಟೋಪೈಲಟ್ ಇರಲೇಬೇಕೆಂಬುದು ನಿಯಮ; ಆದ್ದರಿಂದ ಅದನ್ನು ಕಳಚಿಟ್ಟು ಹಾರುವಂತಿಲ್ಲ. ವಿಮಾನದ ಮೂಗನ್ನು ಏರಿಸಿ ಇಳಿಸಲು ಅದರಲ್ಲಿ ಸರ್ವೋ ಎಂಬ ಮೋಟಾರಿದೆ. ಅದು ತಪ್ಪು ದಾರಿ ಹಿಡಿದರೆ, ಪೈಲಟ್ ಕೈಯಿಂದ ಎಳೆದಾಗ ಒಳಗಿನ ಕ್ಲಚ್ ಜಾರಿ ಬಿಟ್ಟುಕೊಡಬೇಕು. ವಾಪಸು ಕರೆದ ಸರ್ವೋಗಳಲ್ಲಿ ಕೆಲವು ಒಮ್ಮೊಮ್ಮೆ ಬಿಟ್ಟುಕೊಡುವುದಿಲ್ಲ. ಯಾವುದು, ಯಾವತ್ತು ಎಂಬುದು ಕಂಪನಿಗೂ ತಿಳಿಯದು.

ಬದಲಿಸಲು ಅಡ್ಡಿಯೇನು ಎನ್ನುತ್ತೀರಾ? ಬದಲಿಸುವ ತಾರೀಖಿಗೆ ತಮ್ಮ ಕಚೇರಿಯ ಒಪ್ಪಿಗೆ ಇದ್ದರೆ ಮಾತ್ರ ಹೊಸ ಸರ್ವೋ ಕಳಿಸುತ್ತೇವೆ ಎನ್ನುತ್ತದೆ ಕಂಪನಿ. ಹೊಸ ಸರ್ವೋ ಕೈಗೆ ಬಂದ ಮೇಲೆ ಮಾತ್ರ ತಾರೀಖಿಗೆ ಒಪ್ಪಿಗೆ ಎನ್ನುತ್ತದೆ ತಮ್ಮ ಕಚೇರಿ. ನಾವೇ ಮೊದಲು ಹಳೆಯದನ್ನು ಬಿಚ್ಚಿದರೆ ವಾರಂಟಿ ರದ್ದು. ಬೇರೆ ಕಡೆ ಕೊಳ್ಳೋಣವೆಂದರೆ, ಇರುವ ಹೊಸ ಸರ್ವೋಗಳೆಲ್ಲ ವಾರಂಟಿಯವರಿಗೇ ಮೀಸಲು. ಇಪ್ಪತ್ತೆಂಟು ವರ್ಷ ವಿಮಾನ ಬಿಚ್ಚಿ ಜೋಡಿಸಿದವನು ನಾನು. ಈ ಗಂಟನ್ನು ಯಾವ ಸ್ಪ್ಯಾನರಿನಿಂದ ಬಿಚ್ಚಬೇಕೋ ತಿಳಿಯದೆ ಕೂತಿದ್ದೇನೆ.

ತಮ್ಮ ಅರ್ಜಿ ನಮೂನೆಯಲ್ಲೂ ‘ಬದಲಿಸಲು ಸೂಕ್ತ ಕಾಲ’ ಎಂಬ ಖಾನೆಯಿದೆ. ಏನು ಬರೆಯಲಿ ಎಂದು ಫೋನು ಮಾಡಿದರೆ ತಮ್ಮ ಸಹಾಯಕರು, “ನಲ್ಲ ನೇರಮಾ ಪಾತ್ತು ಪೋಡುಂಗೊ ಸಾರ್” ಎಂದರು. ಒಳ್ಳೆಯ ಸಮಯ ನೋಡಿ ಹಾಕಿ ಎಂದು. ಈ ಊರಿನ ಅಡುಗೆಮನೆಗಳಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ತೂಗುತ್ತಿರುತ್ತದೆ. ಆಯಾ ದಿನದ ‘ನಲ್ಲ ನೇರಂ’ ಅದರಲ್ಲೇ ಅಚ್ಚಾಗಿರುತ್ತದೆ. ನನಗೂ ಸಿಟ್ಟು ನೆತ್ತಿಗೇರಿತ್ತು. ಹಾಳೆ ನೋಡಿ, ‘ಬುಧವಾರ ಬೆಳಿಗ್ಗೆ 9.15ರಿಂದ 10.15’ ಎಂದು ಬರೆದು ಕಳಿಸಿದೆ. “ರಾಹುಕಾಲಾನೂ ಬರೀರಿ, ಅವ್ರಿಗೆ ಅನುಕೂಲ” ಎಂದಳು ನನ್ನ ಹೆಂಡತಿ ವಾಸಂತಿ. ಒಬ್ಬರಾದರೂ ಗದರಿಸಿ ಕೇಳುತ್ತಾರೆ, ಆಗ ಮಾತಾದರೂ ಶುರುವಾಗುತ್ತದೆ ಎಂಬ ಆಸೆ ನನ್ನದು. ಹನ್ನೆರಡು ದಿನದ ಮೇಲೆ ಅರ್ಜಿ ವಾಪಸು ಬಂತು. ಸಮಯದ ಬಗ್ಗೆ ಆಕ್ಷೇಪಣೆಯೇ ಇಲ್ಲ. ಪ್ರತಿಗಳು ಎರಡಿರಬೇಕಿತ್ತಂತೆ, ಒಂದೇ ಇತ್ತಂತೆ.

ಇಲ್ಲಿಯವರೆಗಿನದನ್ನು ನಕ್ಕು ಮರೆಯಬಹುದಿತ್ತು. ಹೋದ ತಿಂಗಳು ಒಬ್ಬ ರೋಗಿಯನ್ನು ಕರೆತರುವಾಗ, ನಾಲ್ಕು ಸಾವಿರ ಅಡಿಯಲ್ಲಿ ವಿಮಾನ ತಾನಾಗಿಯೇ ಮೂಗು ತಗ್ಗಿಸಿತು. ಹಾರಿಸುತ್ತಿದ್ದವಳು ನೀರಜಾ, ಇಪ್ಪತ್ತೊಂಬತ್ತರ ಹುಡುಗಿ. ಅವಳಪ್ಪ ನುಂಗಂಬಾಕ್ಕಂನಲ್ಲಿ ಬ್ಯಾಂಕಿನಲ್ಲಿದ್ದವರು, ನಮ್ಮ ಮನೆಗೆ ಬಳಕೆಯವರು. ಇಳಿದು ಬಂದವಳು ನನ್ನೆದುರು ಎಳೆದು ನೊಂದ ಕೈ ಕೊಡವುತ್ತ ನಿಂತಳು.

“ಆಫ್ ಮಾಡ್ದೆ ಮಾಮಾ, ಬಿಡ್ಲೇ ಇಲ್ಲ. ಎರಡು ಕೈಲೂ ಎಳ್ದೆ. ಹಿಂದ್ಗಡೆ ಪೇಷಂಟ್ ಇದ್ರು, ಅದಕ್ಕೇ ಕಿರುಚ್ಲಿಲ್ಲ.”

ಎಷ್ಟು ಇಳಿಯಿತಮ್ಮಾ ಎಂದೆ.

“ಸಾವಿರದ ಇನ್ನೂರಡಿ. ಆಮೇಲೆ ಟಕ್ ಅಂತ ಬಿಡ್ತು. ಪರವಾಯಿಲ್ಲ ಮಾಮಾ, ನೀವು ಮೊದ್ಲು ಕೂತ್ಕೊಳ್ಳಿ.”

ಆ ಬೆಳಿಗ್ಗೆ ಕ್ಲಚ್ ಪರೀಕ್ಷಿಸಿ, ಈ ವಿಮಾನ ಹಾರಲು ಯೋಗ್ಯ ಎಂದು ಸಹಿ ಹಾಕಿದವನು ನಾನು. ಪರೀಕ್ಷೆಯಲ್ಲಿ ಅದು ಚೆನ್ನಾಗಿಯೇ ಜಾರಿತ್ತು. ಇಳಿದ ಮೇಲೆ ಪರೀಕ್ಷಿಸಿದಾಗಲೂ ಜಾರಿತು. ವರದಿ ಕಳಿಸಿದೆ. ‘ನೆಲದ ಮೇಲೆ ದೋಷ ಕಂಡುಬಂದಿಲ್ಲ, ಸೂಕ್ತ ಕಾಲದಲ್ಲಿ ಬದಲಿಸುವುದು’ ಎಂದು ತಾವು ಉತ್ತರಿಸಿದಿರಿ. ಸ್ವಾಮಿ, ನೆಲದ ಮೇಲೆ ಯಾರಿಗೆ ಬೇಕಿತ್ತು ಆಟೋಪೈಲಟ್?

ಸಹಿ ಹಾಕಬೇಡಿ, ಅಷ್ಟೇ ತಾನೇ ಎಂದಳು ವಾಸಂತಿ. ಅದನ್ನೂ ಮಾಡಿದೆ. ಮರುದಿನ ಪೆನ್ನು ಮುಟ್ಟಲಿಲ್ಲ. ಕ್ರೋಂಪೇಟೆಯಿಂದ ಲೋಕಲ್ ಟ್ರೇನಿನಲ್ಲಿ ಬರುವ ಉದಯ್ ಎಂಬ ಹೊಸ ಎಂಜಿನಿಯರ್‌ನನ್ನು ನಮ್ಮ ಮಾಲೀಕರು ಕರೆದರು. ಲೈಸೆನ್ಸ್ ಬಂದು ಎರಡು ತಿಂಗಳಾಗಿದೆ, ಒಳ್ಳೆಯವನು, ಕೆಲಸ ಕಲಿಸಿದವನು ನಾನೇ. ಹತ್ತು ನಿಮಿಷದಲ್ಲಿ ಸಹಿ ಹಾಕಿದ. “ಹಾರಬಾರದು ಅಂತ ಎಲ್ಲೂ ಬರೆದಿಲ್ಲವಲ್ಲ ಸಾರ್” ಎಂದು ತಮಿಳಿನಲ್ಲಿ ಹೇಳಿದ. ನಿಜ, ತಾವು ಎಲ್ಲೂ ಬರೆದಿಲ್ಲ. ಆದರೆ ಅವನು ಕ್ಲಚ್ ಪರೀಕ್ಷಿಸುವುದನ್ನೇ ಮರೆತಿದ್ದ. ನೀರಜಾ ಆ ದಿನ ಹಾಗೆಯೇ ಹಾರಿದಳು. ಅಂದಿನಿಂದ ಮತ್ತೆ ನಾನೇ ಸಹಿ ಹಾಕುತ್ತಿದ್ದೇನೆ. ಹಾಕಿದರೆ ಸುಳ್ಳು, ಹಾಕದಿದ್ದರೆ ಅವಳಿಗೆ ಆ ಪರೀಕ್ಷೆಯೂ ಇಲ್ಲ. ನನಗೆ ಹೆದರಿಕೆಯಾಗಿದೆ, ಇದನ್ನು ಹೇಳಲು ನಾಚಿಕೆಯಿಲ್ಲ.

ನನ್ನ ಬೇಡಿಕೆ ಚಿಕ್ಕದು. ಒಂದು ತಾರೀಖು ಬರೆದು ಕೊಡಿ. ಅದು ಆಗದಿದ್ದರೆ, ಬದಲಿಸುವವರೆಗೆ ಹಾರಬೇಡಿ ಎಂದು ಒಂದು ಸಾಲು ಬರೆದು, ಕೆಳಗೆ ತಮ್ಮ ಸಹಿ ಹಾಕಿ. ನನ್ನದನ್ನು ದಿನವೂ ಹಾಕುತ್ತಿದ್ದೇನೆ, ತಮ್ಮದು ಒಂದೇ ಒಂದು ಸಾಕು.

ಇವತ್ತು ಬೆಳಿಗ್ಗೆಯೂ ಕ್ಲಚ್ ಜಾರಿತು, ಸಹಿ ಹಾಕಿದೆ. ನೀರಜಾ ಏಳಕ್ಕೆ ಹೊರಟಳು. ರೋಗಿಯನ್ನು ಕರೆದುಕೊಂಡು ವಾಪಸು ಇಳಿಯುವುದು ಹನ್ನೊಂದೂವರೆಗೆ. ಈಗ ಹತ್ತು ಮುಕ್ಕಾಲು.

ಇಂತಿ, ಆಕಾಶ ನೋಡುತ್ತ ಕೂತಿರುವ ತಮ್ಮವನೇ ಆದ
ಸುಶಮೀಂದ್ರ
ವಿಮಾನ ನಿರ್ವಹಣಾ ಎಂಜಿನಿಯರ್, ಚೆನ್ನೈ